ಎರಡು ಕಿವಿಯ ಗುರುತು

ಊರಿಂದ
16 ನವೆಂಬರ್ 2023

ಬೀರಣ್ಣಾ,

ನಿನ್ನ ವೈನಿ ಬರೆಯುತ್ತಿದ್ದೇನೆ. ನಾಲ್ಕು ತಿಂಗಳಿಂದ ನಿನ್ನ ಫೋನು ಬಂದ್ ಇದೆ. ಏಳನೆಯ ತನಕ ಕಲಿತ ಕನ್ನಡ ಇಷ್ಟು ದಿನ ನನ್ನ ನೋಟುಬುಕ್ಕಿಗೆ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಅದೇ ನೋಟುಬುಕ್ಕಿನ ಹಾಳೆ ಹರಿದು ಬರೆಯುತ್ತಿದ್ದೇನೆ. ತಾಂಡೂರಿನ ನಿನ್ನ ಕಲ್ಲಿನ ಅಂಗಡಿಯ ವಿಳಾಸ ಮಗ ಸಾಯಿಕುಮಾರನ ಪುಸ್ತಕದಲ್ಲಿ ಸಿಕ್ಕಿತು.

ದೀಪಾವಳಿ ಆಯಿತು. ಮಗ ತೀರಿಹೋದ ವರ್ಷ ಹಿಂಡಿಗೆ ಆರತಿ ಬೆಳಗಬಾರದು ಎಂದರು, ಬೆಳಗಲಿಲ್ಲ. ಕುರಿಗಳಿಗೆ ಅದೆಲ್ಲ ಏನು ಗೊತ್ತು. ಸಂಜೆ ಹಟ್ಟಿಯ ಬಾಗಿಲಿಗೆ ಬಂದು ಗುಂಪಾಗಿ ನಿಂತವು. ನಾನು ಒಳಗೆ ಹೋಗಿ ಕೂತೆ.

ಅವನಿಗೆ ಮಣ್ಣು ಕೊಟ್ಟ ದಿನ ನೀನು ಬಂದೆ, ದೂರ ನಿಂತೆ, ಮೂರನೆಯ ದಿನಕ್ಕೂ ಇರದೆ ಹೊರಟೆ. ನೀನು ಪಾಲು ಮಾಡಿಕೊಂಡು ತಾಂಡೂರಿಗೆ ಹೋಗುವಾಗ ನಾನು ಆಡಿದ ಮಾತು ನಿನ್ನ ಮನಸ್ಸಿನಲ್ಲಿ ಇನ್ನೂ ಇದೆ ಎಂದುಕೊಂಡೆ. ಇರಲಿ. ಈಗ ಒಂದು ಕೆಲಸ ಹೇಳಬೇಕಾಗಿದೆ.

ಬರುವ ಜುಲೈ ಹನ್ನೊಂದಕ್ಕೆ ವರ್ಷ ತುಂಬುತ್ತದೆ. ಅಷ್ಟರಲ್ಲಿ ಅವನ ತಲೆಯ ಕಡೆ ಒಂದು ಕಲ್ಲು ನಿಲ್ಲಿಸಬೇಕು. ಫೋಟೋ ಬೇಡ. ನೀನು ಯಾರೋ ಸಾಹುಕಾರರ ಗೇಟಿಗೆ ಅವರ ಮನೆತನದ ಮುದ್ರೆ ಕೆತ್ತಿದ್ದೆಯಲ್ಲ, ಅದರ ಫೋಟೋ ನೋಡಿದಾಗಿನಿಂದ ಅವನಿಗೆ ಅದೇ ಧ್ಯಾನ. "ಅವ್ವಾ, ನಮ್ಮ ಮನಿಗೂ ಒಂದು ಮುದ್ರಿ ಬೇಕು. ಕಾಕಾಗ ಹೇಳಿ ಮಾಡಸ್ತೀನಿ" ಅನ್ನುತ್ತಿದ್ದ. "ಮನಿಗೆ ಮೊದಲು ಬಾಗಲಾ ಹಾಕಸು, ಆಮ್ಯಾಗ ಮುದ್ರಿ" ಎಂದು ನಾನು ನಗುತ್ತಿದ್ದೆ. ಅದನ್ನೇ ಅವನ ಕಲ್ಲಿಗೆ ಕೆತ್ತಿಕೊಡು. ಅದರಲ್ಲಿ ಏನೇನು ಇರಬೇಕು ಎಂದು ನಿನಗೆ ಯಾವಾಗಲಾದರೂ ಹೇಳಿದ್ದನೇ?

ಇನ್ನೊಂದು ಮಾತು. ಆ ದಿನ ಕುರಿಗಳನ್ನು ಹೈದರಾಬಾದ್ ರೋಡು ದಾಟಿಸುವಾಗ ಹುಡುಗ ಕಿವಿಗೆ ಫೋನು ಹಿಡಿದಿದ್ದ, ಹಾರ್ನ್ ಹೊಡೆದರೂ ತಿರುಗಲಿಲ್ಲ ಎಂದು ಲಾರಿಯವನು ಪೊಲೀಸರಿಗೆ ಹೇಳಿದ್ದಾನೆ. ಫೋನು ಎರಡು ತುಂಡಾಗಿ ನನ್ನ ಕೈಗೆ ಬಂತು. ಯಾರ ಸಂಗಡ ಮಾತಾಡುತ್ತಿದ್ದ ಎಂದು ನನಗೆ ಗೊತ್ತು. ನಮ್ಮ ಓಣಿಯ ಬಕ್ಕಪ್ಪನ ಮಗಳು ಪೂರ್ಣಿಮಾ. ಜಹೀರಾಬಾದಿನ ಕಾಲೇಜಿಗೆ ಹೋಗುವವಳು. ಇಬ್ಬರೂ ಬಸ್ ಸ್ಟಾಪಿನಲ್ಲಿ ನಿಂತು ನಗುವುದನ್ನು ನಾನೇ ನೋಡಿದ್ದೇನೆ. ಹೋದ ತಿಂಗಳು ಅವರ ಬಾಗಿಲಲ್ಲಿ ನಿಂತು ಓಣಿಯೆಲ್ಲ ಕೇಳುವ ಹಾಗೆ ಹೇಳಿ ಬಂದೆ. ಅವಳ ತಾಯಿ ಸುಭದ್ರಮ್ಮ ಅತ್ತಳು. ನಾನು ನಿಲ್ಲಿಸಲಿಲ್ಲ.

ಉತ್ತರ ಬರೆ.

ಅಮೃತಬಾಯಿ

•

ತಾಂಡೂರು
2 ಡಿಸೆಂಬರ್ 2023

ವೈನಿಯವರಿಗೆ ನಮಸ್ಕಾರ.

ಪತ್ರ ಮುಟ್ಟಿತು. ಕಲ್ಲಿನ ಪುಡಿ ಹೋಗಿ ಫೋನು ಕೆಟ್ಟಿತು, ಮತ್ತೆ ತೆಗೆದುಕೊಳ್ಳಲಿಲ್ಲ. ಪತ್ರವೇ ಸಾಕು. ಪಾಲಿನ ದಿನದ ಮಾತು ನನ್ನ ಮನಸ್ಸಿನಲ್ಲಿ ಇಲ್ಲ. ನಾಲ್ಕು ವರ್ಷದವನಿದ್ದಾಗಿನಿಂದ ನನ್ನನ್ನು ಸಾಕಿದವರು ನೀವು.

ಕಲ್ಲು ನಾನೇ ಕೆತ್ತುತ್ತೇನೆ. ಒಳ್ಳೆಯ ನೀಲಿ ಹಾಸುಗಲ್ಲು ಒಂದನ್ನು ತೆಗೆದಿಟ್ಟಿದ್ದೇನೆ. ಸಾಯಿಕುಮಾರ ನನಗೆ ಏನೂ ಹೇಳಿರಲಿಲ್ಲ. ಯುಗಾದಿಯ ನಂತರ ನಾವು ಮಾತಾಡಿಯೇ ಇರಲಿಲ್ಲ.

ಆ ಸಾಹುಕಾರರ ಮುದ್ರೆಯಲ್ಲಿ ಎರಡು ಸಿಂಹ, ಒಂದು ಕಿರೀಟ, ಒಂದು ಕತ್ತಿ ಇದ್ದವು. ಅವರ ತಂದೆ ಸೈಕಲ್ಲಿನ ಮೇಲೆ ಬಳೆ ಮಾರಿದವರು ಎಂದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಶಾಮಲಾ ಒಂದು ಬಳೆಯನ್ನಾದರೂ ಹಾಕೋಣವೇ ಎಂದು ಕೇಳಿದ್ದಕ್ಕೆ ಸಿಟ್ಟಾಗಿದ್ದರು. ಈಗ ಅವಳೇ ಕೇಳುತ್ತಿದ್ದಾಳೆ, "ಬೀರಣ್ಣ, ನಿಮ್ಮ ಮನೀದು ಏನ್ ಹಾಕಬೇಕ್ರಿ?" ನೀವು ಬರೆದು ಕಳಿಸಿ.

ಆ ಹುಡುಗಿಯ ವಿಷಯ ಬಿಟ್ಟುಬಿಡಿ ವೈನಿ. ಚಿಕ್ಕವಳು.

ಬೀರಣ್ಣ

•

ಊರಿಂದ
21 ಡಿಸೆಂಬರ್ 2023

ಬೀರಣ್ಣಾ,

ಸಿಂಹ ಬೇಡ. ನಮ್ಮ ಮನೆಗೆ ಸಿಂಹ ಬಂದದ್ದಿಲ್ಲ. ತೋಳ ಬಂದಿದೆ, ಅದನ್ನು ಹಾಕಿದರೆ ಕುರಿಗಳು ಕಲ್ಲಿನ ಹತ್ತಿರ ಸುಳಿಯಲಿಕ್ಕಿಲ್ಲ.

ನಮ್ಮ ಮನೆತನ ಯಾವುದು ಎಂದು ಗೊತ್ತಾಗುವುದು ಕುರಿಯ ಎಡಗಿವಿಯಿಂದ. ತುದಿ ನೇರವಾಗಿ ಕತ್ತರಿಸಿ ಕೆಳಗಡೆ ಒಂದು ಕಚ್ಚು. ನಿಮ್ಮ ತಾತ ಹಾಕಿದ್ದೂ ಅದೇ, ನಿಮ್ಮಣ್ಣ ಹಾಕಿದ್ದೂ ಅದೇ. ನಿಮ್ಮಣ್ಣ ತೀರಿಹೋದಾಗ ಸಾಯಿಕುಮಾರನಿಗೆ ಹನ್ನೊಂದು ವರ್ಷ. ನೀನೇ ಅವನ ಕೈ ಹಿಡಿದು ಕಿವಿ ಕೊಯ್ಯುವುದನ್ನು ಕಲಿಸಿದೆ. ಮೊದಲ ಮರಿಯ ರಕ್ತ ನೋಡಿ ಅವನೇ ಅತ್ತಿದ್ದ. ಆ ಎಡಗಿವಿ ಕಲ್ಲಿನ ನಡುವೆ ಬರಲಿ. ಕೆಳಗೆ ಕಂಬಳಿಯ ಅಂಚು. ಪಕ್ಕದಲ್ಲಿ ಉಣ್ಣೆ ಕತ್ತರಿ. ಮತ್ತೇನು ಇದೆ ನಮಗೆ? ಬಹಳ ಯೋಚಿಸಿದೆ. ಮೂರೇ ಸಿಕ್ಕವು.

ಪೂರ್ಣಿಮಾ ಚಿಕ್ಕವಳು ಎಂದು ಬರೆದಿದ್ದೀ. ನನ್ನ ಮಗನೂ ಚಿಕ್ಕವನೇ. ಅವಳ ಕಾಲೇಜು ಬಿಡಿಸಿದ್ದಾರೆ. ನೀರಿಗೂ ಹೊರಗೆ ಬರುವುದಿಲ್ಲ. ಮೊನ್ನೆ ಬಕ್ಕಪ್ಪ ದಾರಿಯಲ್ಲಿ ನಿಲ್ಲಿಸಿ, "ಅಕ್ಕಾ, ಆಣಿ ಮಾಡಸ್ರಿ ಬೇಕಾದ್ರ, ನನ್ನ ಮಗಳ ಹತ್ರ ಫೋನೇ ಇದ್ದಿಲ್ಲ" ಎಂದ. "ಫೋನ್ ಇದ್ದಿಲ್ಲಂತ ತಂದಿಗಿ ಹೇಳ್ತಾರ ಎಲ್ಲಾ ಹುಡುಗ್ಯಾರು" ಎಂದೆ. ಇಬ್ಬರು ಮೂವರು ನಕ್ಕರು. ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಹೋದ.

ನನ್ನ ಒಳಗೆ ಉರಿಯುವುದು ಎಲ್ಲಿಯಾದರೂ ಹೋಗಿ ಬೀಳಬೇಕಲ್ಲ, ಬೀರಣ್ಣಾ.

ಅಮೃತಬಾಯಿ

•

ತಾಂಡೂರು
18 ಜನವರಿ 2024

ವೈನಿಯವರಿಗೆ ನಮಸ್ಕಾರ.

ಚಿತ್ರವನ್ನು ಇದರ ಜೊತೆ ಮಡಚಿ ಇಟ್ಟಿದ್ದೇನೆ. ನಿಧಾನವಾಗಿ ನೋಡಿ. ಎರಡು ಕಿವಿಗಳನ್ನು ಎದುರುಬದುರು ಹಾಕಿದ್ದೇವೆ. ಎಡಗಿವಿಯಲ್ಲಿ ನಮ್ಮ ಕಚ್ಚು. ಬಲಗಿವಿಯಲ್ಲಿ ಮೂರು ಸಣ್ಣ ಕಚ್ಚುಗಳು. ನಡುವೆ ಕತ್ತರಿ, ಅದರ ಬಾಯಿ ಮುಚ್ಚಿದೆ. ಕೆಳಗೆ ಕಂಬಳಿಯ ಅಂಚು, ಕಪ್ಪು ಬಿಳಿ ಗೆರೆ. ಕಲ್ಲಿನಲ್ಲಿ ಬಣ್ಣ ಬಾರದು, ಕಪ್ಪಿನ ಜಾಗವನ್ನು ಒರಟಾಗಿ ಬಿಟ್ಟು ಬಿಳಿಯ ಜಾಗವನ್ನು ನುಣುಪು ಮಾಡುತ್ತೇನೆ.

ಶಾಮಲಾ, "ಕಿವೀನ ಮುದ್ರಿ ಮಾಡ್ಕೊಂಡ ಮಂದಿ ನಾ ಎಲ್ಲೂ ನೋಡಿಲ್ಲ. ಆದ್ರ ಸಿಂಹಕಿಂತ ಇದು ಖರೇ ಅದ" ಅಂದಳು.

ಇಲ್ಲಿ ತೊಗರಿ ರಾಶಿ ನಡೆದಿದೆ. ನೀವು ಒಬ್ಬರೇ ಹಿಂಡಿನ ಹಿಂದೆ ಹೋಗಬೇಡಿ. ರೋಡಿನ ಕಡೆಗಂತೂ ಬೇಡವೇ ಬೇಡ.

ಬೀರಣ್ಣ

•

ಊರಿಂದ
1 ಫೆಬ್ರವರಿ 2024

ಬೀರಣ್ಣಾ,

ಬಲಗಿವಿಯ ಮೂರು ಕಚ್ಚು ನಿನಗೆ ಯಾರು ಹೇಳಿದರು?

ಅದು ನಾರಾಯಣಖೇಡದ ಕಡೆಯ ನನ್ನ ತವರಿನ ಗುರುತು. ನಾನು ಮದುವೆಯಾಗಿ ಬರುವಾಗ ನಮ್ಮಪ್ಪ ಐದು ಕುರಿ ಹೊಡೆದು ಕಳಿಸಿದ್ದ. ಮುಂದಿನ ದೀಪಾವಳಿಯ ಒಳಗೆ ಐದೂ ಬೇನೆ ಬಂದು ಸತ್ತವು. ನೀನು ಆಗ ಇನ್ನೂ ನನ್ನ ಸೊಂಟದ ಮೇಲೆ ಇದ್ದೆ. ಸೊಸೆಯ ತವರಿನ ಗುರುತನ್ನು ಗಂಡನ ಮನೆಯಲ್ಲಿ ಹುಟ್ಟಿದ ಮರಿಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಹಾಕಿದ್ದನ್ನು ಯಾರೂ ಕಂಡಿಲ್ಲ.

ಸಾಯಿಕುಮಾರ ಹಾಕಿದ. ಜುಲೈ ಹತ್ತರ ಸಂಜೆ, ಒಂದು ಹೆಣ್ಣು ಮರಿಗೆ. ಎಡಕ್ಕೆ ನಮ್ಮದು, ಬಲಕ್ಕೆ ಮೂರು. "ಅವ್ವಾ, ಇದು ನಿಂದು. ನಿನ್ನ ಮನೀದೂ ಒಂದು ಇರ್ಲಿ ಹಿಂಡಿನಾಗ" ಎಂದ. ಮಂದಿ ಏನಂದಾರು ಎಂದು ಬೈದೆ. ಬೈದು ಒಳಗೆ ಹೋಗಿ ಅತ್ತೆ. ಮರುದಿನ ಬೆಳಿಗ್ಗೆ ಆ ಮರಿಯೂ ಅವನ ಸಂಗಡ ರೋಡಿಗೆ ಹೋಯಿತು. ಅವನೊಂದಿಗೆ ಲಾರಿಗೆ ಸಿಕ್ಕಿ ಸತ್ತ ಹದಿನಾಲ್ಕು ಕುರಿಗಳಲ್ಲಿ ಅದೂ ಇತ್ತು. ನಾನು ಈ ಮಾತನ್ನು ಯಾರಿಗೂ ಹೇಳಿಲ್ಲ.

ಆ ಸಂಜೆಯಿಂದ ಆ ಬೆಳಿಗ್ಗೆಯ ತನಕ ಅವನ ಬಾಯಿಂದ ಕೇಳಿದವರಿಗೆ ಮಾತ್ರ ಅದು ಗೊತ್ತು.

ಯುಗಾದಿಯ ನಂತರ ಮಾತಾಡಿಯೇ ಇರಲಿಲ್ಲ ಎಂದು ಬರೆದಿದ್ದೀ.

ಅಮೃತಬಾಯಿ

•

ತಾಂಡೂರು
25 ಫೆಬ್ರವರಿ 2024

ವೈನಿ,

ಫೋನು ಅವನು ಮಾಡಲಿಲ್ಲ. ನಾನೇ ಮಾಡಿದೆ.

ಆ ಬೆಳಿಗ್ಗೆ ಅಂಗಡಿಯಲ್ಲಿ ಕೆಲಸ ಕಡಿಮೆ ಇತ್ತು. ಯುಗಾದಿಯಲ್ಲಿ ಅವನು ಕೇಳಿದ್ದ ಮುದ್ರೆಗೆ ಏನು ಹಾಕಬೇಕು ಈಗಲೇ ಹೇಳಿ, ಬರೆದುಬಿಡುತ್ತೇನೆ ಎಂದಳು ಶಾಮಲಾ. ಅವನಿಗೆ ಫೋನು ಹಚ್ಚಿದೆ. "ಕಾಕಾ, ಈಗ ರೋಡ್ ದಾಟಸಾಕತ್ತೀನಿ, ಆಮ್ಯಾಗ ಮಾಡ್ತೀನಿ" ಅಂದ. "ಒಂದ್ ನಿಮಿಷ ಹೇಳಲೇ, ಕಂಪ್ಯೂಟರ್ ಮುಂದ ಕುಂತೀನಿ" ಅಂದೆ. ನನ್ನ ಮಾತು ಅವನು ಎಂದೂ ಮೀರಿದವನಲ್ಲ. ಹೇಳಿದ. "ಎರಡೂ ಕಿವಿ ಬರೀಬೇಕು ಕಾಕಾ. ಒಂದು ನಮ್ದು, ಒಂದು ಅವ್ವಂದು. ನಿನ್ನಿ ಒಂದು ಮರಿಗಿ ಹಾಕೀನಿ, ಅವ್ವ ಬೈದಳು, ಆದ್ರ ಒಳಗ ಖುಷಿ ಆಗ್ಯಾಳ" ಎಂದು ನಗುತ್ತಿದ್ದ. ಮೂರು ಕಚ್ಚು ಎಂದ. ಮತ್ತೆ ಏನೋ ಹೇಳಲು ಹೊರಟಿದ್ದ.

ಆಮೇಲೆ ಕೇಳಿಸಿದ್ದನ್ನು ಬರೆಯಲಾರೆ. ಫೋನು ಕಟ್ ಆಗಲಿಲ್ಲ. ಕುರಿಗಳು ಒದರುವುದು ಕೇಳುತ್ತಿತ್ತು. ಯಾರೋ ಅದನ್ನು ತುಳಿಯುವ ತನಕ ನಾನು ಕಿವಿಗೆ ಹಿಡಿದೇ ಇದ್ದೆ. ನನ್ನ ಫೋನು ಕೆಟ್ಟಿರಲಿಲ್ಲ. ಅದೇ ವಾರ ಅದನ್ನು ಕಲ್ಲಿನ ಗಣಿಯ ನೀರಿಗೆ ಹಾಕಿದೆ.

ಶಾಮಲಾಳ ಕಂಪ್ಯೂಟರಿನಲ್ಲಿ ಆ ದಿನದ ಅರ್ಧ ಚಿತ್ರ ಹಾಗೇ ಉಳಿದಿತ್ತು. ಏನು ಹಾಕಬೇಕು ಎಂದು ಅವಳು ಈಗ ಕೇಳುತ್ತಿದ್ದಾಳೆ ಎಂದು ಬರೆದದ್ದೂ ಸುಳ್ಳು, ಅದು ಆ ದಿನದ ಮಾತು. ಬಲಗಿವಿ ಅಳಿಸು ಎಂದು ಹೇಳಲು ಹೋಗಿ ನಿಂತೆ. ಅವನು ಕೇಳಿದ್ದೇ ಅದೊಂದು. ಅಳಿಸು ಎನ್ನಲು ಬಾಯಿ ಬರಲಿಲ್ಲ.

ಇನ್ನೊಂದನ್ನು ಬರೆಯದೆ ಹೋದರೆ ಈ ಪತ್ರ ಬರೆದೂ ಪ್ರಯೋಜನವಿಲ್ಲ. ನೀವು ಪೂರ್ಣಿಮಾಳ ಮೇಲೆ ಹಾಕಿದ್ದೀರಿ ಎಂದು ನಿಮ್ಮ ಮೊದಲ ಪತ್ರದಲ್ಲಿ ಓದಿದಾಗ ನನಗೆ ಹಗುರ ಆಯಿತು. ಇನ್ನು ನನ್ನನ್ನು ಯಾರೂ ಕೇಳುವುದಿಲ್ಲ ಅನಿಸಿತು. ಕಾಲೇಜು ಬಿಡಿಸಿದರು ಎಂದು ಬರೆದಿರಿ, ಆಗಲೂ ಸುಮ್ಮನಿದ್ದೆ. ಸಾಯಿಕುಮಾರನಿಗೆ ಆದದ್ದು ನನ್ನ ತಿಳಿಗೇಡಿತನದಿಂದ. ಇದು ಹಾಗಲ್ಲ. ತಿಳಿದು ಮಾಡಿದ್ದು.

ಬೀರಣ್ಣ

•

ತಾಂಡೂರು
10 ಏಪ್ರಿಲ್ 2024

ವೈನಿಯವರಿಗೆ,

ನನ್ನ ಪತ್ರ ಮುಟ್ಟಿರಬೇಕು. ನೀವು ಬೈದು ಬರೆದರೂ ಸರಿ.

ಎಡಗಿವಿ ಕೆತ್ತಿ ಮುಗಿದಿದೆ. ಬಲಗಿವಿಗೆ ಉಳಿ ಹಚ್ಚಿಲ್ಲ. ನೀವು ಹೇಳಿದ ಮೇಲೆ.

ಬೀರಣ್ಣ

•

ಊರಿಂದ
20 ಮೇ 2024

ಬೀರಣ್ಣಾ,

ನಿನ್ನ ಫೆಬ್ರವರಿಯ ಪತ್ರ ಬಂದ ದಿನವೇ ಬಕ್ಕಪ್ಪನ ಮನೆಗೆ ಹೊರಟೆ. ಓಣಿಯ ತಿರುವಿನಲ್ಲಿ ಹಂದರ ಕಂಡಿತು. ಪೂರ್ಣಿಮಾಳಿಗೆ ಅರಿಸಿನ ಹಚ್ಚುತ್ತಿದ್ದರು. ಕೊಡಂಗಲ್ಲಿನ ಹುಡುಗ ಅಂದರು. ಹುಡುಗನಲ್ಲ, ನಲವತ್ತರ ಆಳು, ಮೊದಲ ಹೆಂಡತಿ ಬಿಟ್ಟು ಹೋದವನು. ಹೆಸರು ಕೆಟ್ಟ ಹುಡುಗಿಗೆ ಇಷ್ಟು ಬೇಗ ಸಿಕ್ಕಿದ್ದೇ ಹೆಚ್ಚು ಎಂದು ಹಂದರದ ಕೆಳಗೆ ಕೂತವರೇ ಆಡಿಕೊಳ್ಳುತ್ತಿದ್ದರು. ನಾನು ಅಲ್ಲಿಯೇ ಹೇಳಬೇಕಿತ್ತು. ಈಗ ಹೇಳಿದರೆ ಇದೂ ಮುರಿದೀತು ಎಂದು ನನಗೆ ನಾನೇ ಹೇಳಿಕೊಂಡು ತಿರುಗಿ ಬಂದೆ. ನಿನ್ನ ಹಾಗೆಯೇ ಸುಮ್ಮನಿದ್ದೆ. ಅದಕ್ಕೆ ನಿನಗೆ ಬೈಯಲು ಇಷ್ಟು ದಿನ ಬಾಯಿ ಬರಲಿಲ್ಲ.

ಹೋದ ವಾರ ಕೊಡಂಗಲ್ಲಿಗೆ ಹೋಗಿದ್ದೆ. ತಾಂಡೂರಿನಲ್ಲಿ ಬಸ್ಸು ಬದಲಿಸಿದೆ. ಒಂದೂವರೆ ತಾಸು ಬಸ್‌ಸ್ಟ್ಯಾಂಡಿನಲ್ಲಿ ಕೂತೆ. ನಿನ್ನ ಅಂಗಡಿ ಹತ್ತಿರವೇ ಎಂದು ಗೊತ್ತಿತ್ತು. ಬರಲಿಲ್ಲ.

ಅವಳು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಕೈಯಲ್ಲಿ ಬೂದಿ ಹಾಗೇ ಇತ್ತು. "ತಪ್ಪಾತವ್ವ, ನಾ ಅಂದಿದ್ದು ಸುಳ್ಳು" ಎಂದೆ.

"ನನಗ ಗೊತ್ತಿತ್ತಲ್ಲ" ಅಂದಳು. "ಅವತ್ತೇ ಹೇಳಿದ್ದೆ. ಯಾರೂ ಕೇಳಲಿಲ್ಲ."

"ನಿನ್ನ ಗಂಡನ ಮುಂದ, ಅತ್ತಿ ಮುಂದ ಹೇಳ್ತೀನಿ. ಕರಿ ಅವರಿಗೆ."

ನನ್ನ ಕೈ ಹಿಡಿದುಕೊಂಡಳು. ಬೂದಿ ನನ್ನ ಬಳೆಗೂ ಹತ್ತಿತು. "ಬ್ಯಾಡ್ರಿ ದೊಡ್ಡವ್ವ. ಇಲ್ಲಿ ಇವರಿಗೆ ಏನೂ ಗೊತ್ತಿಲ್ಲ. ಸುಳ್ಳಿತ್ತಂತ ಹೇಳಾಕ ಹೋದ್ರ ಏನಿತ್ತಂತ ಕೇಳ್ತಾರ. ನೀವು ಹೋಗ್ತೀರಿ. ನಾ ಇಲ್ಲೇ ಇರಬೇಕು."

ಅಷ್ಟರಲ್ಲಿ ಅತ್ತೆ ಹೊರಗೆ ಬಂದಳು. "ನಮ್ಮೂರ ದೊಡ್ಡವ್ವ" ಎಂದಳು ಪೂರ್ಣಿಮಾ. "ಅಂತೂ ಒಬ್ರಾದ್ರೂ ಬಂದ್ರಲ್ಲ ತವರಿನವರು" ಎಂದಳು ಅತ್ತೆ. ರೊಟ್ಟಿ ಬಡಿದು ಹಾಕಿದರು. ಆ ಹುಡುಗಿ ಬಡಿಸಿದ್ದನ್ನು ನಾನು ಉಂಡೆ.

ಊರಿಗೆ ಬಂದು, ಅದೇ ಬಾಗಿಲಲ್ಲಿ ನಿಂತು, ಅದೇ ದನಿಯಲ್ಲಿ ಹೇಳಿದೆ. ಹುಡುಗಿಯದು ಏನೂ ಇಲ್ಲ, ಫೋನು ಮಾಡಿದ್ದು ನನ್ನ ಮೈದುನ, ನಾನು ಸುಳ್ಳು ಹೊರಿಸಿದೆ ಎಂದೆ. ಈ ಸಲ ಓಣಿಯಲ್ಲಿ ಯಾರೂ ಹೊರಗೆ ಬರಲಿಲ್ಲ. ಸುಭದ್ರಮ್ಮ ಪೂರ್ತಿ ಕೇಳಿ ಬಾಗಿಲು ಹಾಕಿಕೊಂಡಳು.

ಬಲಗಿವಿ ಕೆತ್ತು. ಅದು ಅವನ ಮಾತು. ಕಲ್ಲನ್ನು ನೀನೇ ತಾ, ಯಾರ ಕೈಯಲ್ಲೂ ಕಳಿಸಬೇಡ. ಊರಿಗೆಲ್ಲ ಗೊತ್ತಾಗಿದೆ ಎಂದು ತಿಳಿದು ಬಾ.

ಅಮೃತಬಾಯಿ

•

ಊರಿಂದ
14 ಜುಲೈ 2024

ಬೀರಣ್ಣಾ,

ನೀನು ಕಲ್ಲು ತಂದಾಗ ನಾನು ಒಂದು ಮಾತೂ ಆಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆಡಬಾರದು ಎಂದಿರಲಿಲ್ಲ. ನಿನ್ನ ಮುಖ ನೋಡಿದರೆ ಆ ಫೋನು ನನ್ನ ಕಿವಿಯಲ್ಲಿಯೂ ಕೇಳಿಸಿದ ಹಾಗೆ ಆಗುತ್ತಿತ್ತು.

ಕಲ್ಲು ಚೆನ್ನಾಗಿದೆ. ಎರಡೂ ಕಿವಿ ಅವನು ಕೊಯ್ದ ಹಾಗೆಯೇ ಬಂದಿವೆ. ಕಂಬಳಿಯ ಅಂಚಿನ ಒರಟು ಜಾಗದ ಮೇಲೆ ಕೈ ಆಡಿಸಿದರೆ ಕಂಬಳಿಯೇ ಅನಿಸುತ್ತದೆ.

ಬಕ್ಕಪ್ಪ ಬರುತ್ತಾನೆ ಎಂದು ನಾನು ನೆನೆಸಿರಲಿಲ್ಲ. ನೀನೂ ನೆನೆಸಿರಲಿಕ್ಕಿಲ್ಲ. ನೀನು ಅವನ ಕಾಲಿಗೆ ಬಿದ್ದಾಗ ಅವನು ಹಿಂದೆ ಸರಿದ. ಆಮೇಲೆ ಕಲ್ಲನ್ನು ಬಹಳ ಹೊತ್ತು ನೋಡಿದ. "ಛಲೋ ಆಗ್ಯಾದ" ಅಂದ. "ನಿಮ್ಮ ಮನೀದೂ ಅದ, ತವರಮನೀದೂ ಅದ. ಹುಡುಗನ ಹೆಸರು ಇನ್ನ ನೂರ್ ವರ್ಷ ಉಳೀತದ. ನನ್ನ ಮಗಳ ಹೆಸರಿಗಿ ಯಾವ ಕಲ್ಲು ನಿಂದ್ರಸ್ತೀರಿ?" ಅಷ್ಟೇ ಕೇಳಿದ. ಬೈಯಲಿಲ್ಲ. ಉತ್ತರಕ್ಕೆ ನಿಲ್ಲಲಿಲ್ಲ.

ಮೂರು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ. ನಾವು ಮಾಡಬಹುದಾದದ್ದು ಒಂದು ಇದೆ.

ಆಗಸ್ಟ್ ಒಂಬತ್ತಕ್ಕೆ ನಾಗರ ಪಂಚಮಿ. ಹೊಸದಾಗಿ ಮದುವೆಯಾದವಳನ್ನು ಅಣ್ಣಂದಿರು ತವರಿಗೆ ಕರೆಯುವ ಹಬ್ಬ. ಅವಳಿಗೆ ಅಣ್ಣ ತಮ್ಮ ಇಲ್ಲ. ಬಕ್ಕಪ್ಪ ನಾಚಿಕೆಗೆ ಆ ಕಡೆ ಹೋಗಿಯೇ ಇಲ್ಲ. ಹಿಂದೆ ಯಾರೂ ಇಲ್ಲದ ಸೊಸೆಯನ್ನು ಆ ಮನೆಯಲ್ಲಿ ಹೇಗೆ ಇಟ್ಟುಕೊಳ್ಳುತ್ತಾರೆ ಎಂದು ನಾನು ಒಂದು ಹೊತ್ತಿನಲ್ಲಿ ನೋಡಿದ್ದೇನೆ. ಕೊಡಂಗಲ್ಲು ನಿನಗೆ ಹತ್ತಿರ. ಕುಪ್ಪಸದ ಬಟ್ಟೆ, ಕೊಬ್ಬರಿ, ಉಂಡಿ ಹಿಡಿದುಕೊಂಡು ಹೋಗು. ಕರೆಯಲು ಬಂದೆ ಎನ್ನು. ಕ್ಷಮಿಸು ಎಂದು ಮಾತ್ರ ಅವಳನ್ನು ಕೇಳಬೇಡ. ಅದನ್ನು ಕೊಡುವ ಕೆಲಸವನ್ನೂ ಅವಳಿಗೇ ಹಚ್ಚಬಾರದು.

ಬಕ್ಕಪ್ಪನಿಗೆ ಹೇಳಿದ್ದೇನೆ. ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

ಅಮೃತಬಾಯಿ

•

ತಾಂಡೂರು
12 ಆಗಸ್ಟ್ 2024

ವೈನಿಯವರಿಗೆ,

ಹೋಗಿದ್ದೆ. ಕಳಿಸಲಿಲ್ಲ.

ಗಂಡ ಕಟ್ಟೆಯ ಮೇಲೆ ಕೂತಿದ್ದ. ಯಾರು ಎಂದು ಕೇಳಿದ. ಪೂರ್ಣಿಮಾಳ ಅಣ್ಣ, ಪಂಚಮಿಗೆ ಕರೆಯಲು ಬಂದೆ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಲಗ್ನದಾಗ ಇದ್ದಿಲ್ಲ, ಅರಿಸಿನದಾಗ ಇದ್ದಿಲ್ಲ. ಇಷ್ಟು ದಿನ ಇಲ್ಲದ ಅಣ್ಣ ಈಗ ಎಲ್ಲಿಂದ ಹುಟ್ಟಿದೆಲೇ?" ಎಂದ. ದನಿ ಏರಿತು. ಪಕ್ಕದ ಮನೆಯವರು ಹೊರಗೆ ಬಂದು ನಿಂತರು. ಒಳಗೆ ಹೋಗಿ ಅವಳನ್ನು ರಟ್ಟೆ ಹಿಡಿದು ಬಾಗಿಲಿಗೆ ತಂದ. ರಟ್ಟೆಯ ಮೇಲೆ ಹಳೆಯ ಕಲೆ ಒಂದಿತ್ತು. "ಇಂವ ಯಾರು? ಖರೇ ಹೇಳು" ಎಂದ.

ವೈನಿ, ನಾನು ಬಂದದ್ದರಿಂದಲೇ ಅವಳಿಗೆ ಮತ್ತೆ ಇನ್ನೊಂದು ಕಷ್ಟ ಆಯಿತಲ್ಲ ಅನಿಸಿತು. ಇವನು ಯಾರೋ ಗೊತ್ತಿಲ್ಲ ಎಂದು ಅವಳು ಹೇಳಬಹುದಿತ್ತು. ಹೇಳಿದ್ದರೆ ನನ್ನನ್ನು ಬಡಿಯುತ್ತಿದ್ದರು, ಅಷ್ಟೇ.

ಅವಳು ನನ್ನ ಕಡೆ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಚೀಲ ನೋಡಿದಳು. "ನಮ್ಮಣ್ಣ ಹೌದು" ಅಂದಳು. "ಕೆಲಸದ ಮ್ಯಾಲ ದೂರ ಇದ್ದ. ಬಂದಿದ್ದಿಲ್ಲ."

ಅವನು ಕೈ ಬಿಟ್ಟ. ಹಬ್ಬಕ್ಕೆ ಕಳಿಸುವುದಿಲ್ಲ, ಹೊಲದಲ್ಲಿ ಕೆಲಸ ಇದೆ ಎಂದ. ದನಿ ಮಾತ್ರ ಇಳಿದಿತ್ತು. ಅತ್ತೆ ನನಗೆ ಕೂರಲು ಕಂಬಳಿ ಹಾಸಿದಳು. ಚಹಾ ಕೊಟ್ಟರು. ಹೊರಡುವಾಗ ಚೀಲ ತೆಗೆದುಕೊಳ್ಳಲು ಅವಳು ಬಾಗಿಲ ತನಕ ಬಂದಳು. ಆಗಲೂ ಮುಖ ನೋಡಲಿಲ್ಲ.

"ದೀಪಾವಳಿಗೂ ಬರ್ರಿ," ಎಂದಳು, ಒಳಗಿನವರಿಗೆ ಕೇಳುವ ಹಾಗೆ, ಗಟ್ಟಿಯಾಗಿ.

ಬೀರಣ್ಣ